ಸುಶಿಗೂ ಬಂತು ಮಡಿ

ಮಂತ್ರಿಗಳು ವಿದೇಶಕ್ಕೆ ಹೋದರೆ ಒಪ್ಪಂದಕ್ಕೆ ಸಹಿ ಹಾಕಿ ಬರುತ್ತಾರೆ, ಇಲ್ಲವೇ ಸೂಟ್‌ಕೇಸ್ ತುಂಬಿಸಿಕೊಂಡು ಬರುತ್ತಾರೆ. ಜಪಾನಿನ ಕೃಷಿ ಮಂತ್ರಿಯಾಗಿದ್ದ ತೊಶಿಕಾತ್ಸು ಮಾತ್ಸುಓಕಾ ಅಮೆರಿಕದ ಕೊಲೊರಾಡೊದಿಂದ ತಂದದ್ದು ಬರೀ ಹೊಟ್ಟೆಯುರಿ. ಅಲ್ಲಿನ 'ಜಪಾನಿ' ಹೋಟೆಲೊಂದರ ಮೆನುವಿನಲ್ಲಿ ಸುಶಿಯ (ವಿನೆಗರ್ ಬೆರೆಸಿದ ಅನ್ನದ ಜೊತೆ ಮೀನು ಮುಂತಾದವನ್ನಿಟ್ಟ ಜಪಾನಿ ತಿನಿಸು) ಜೊತೆಗೇ ಕೊರಿಯಾದವರ ಸುಟ್ಟ ಮಾಂಸವೂ ಇತ್ತಂತೆ. ಮೈಲಿಗೆ!

2006ರಲ್ಲಿ ಸಚಿವಾಲಯ ಸೊಂಟ ಕಟ್ಟಿ ನಿಂತಿತು. ಲೋಕದಲ್ಲಿರುವ ಜಪಾನಿ ಹೋಟೆಲುಗಳನ್ನು ಪರೀಕ್ಷಿಸಿ, ಅಪ್ಪಟವಾದವಕ್ಕೆ ಸರ್ಟಿಫಿಕೇಟ್ ಕೊಡುವುದೆಂದಾಯಿತು. 'ಸುಶಿ ಪೊಲೀಸ್ ಬಂದರು' ಎಂದು ಅಮೆರಿಕದ ಪತ್ರಿಕೆಗಳು ನಕ್ಕ ಮೇಲೆ ಯೋಜನೆ ತಣ್ಣಗಾಯಿತು. ಉಡುಪಿಯವರಿಗೆ ಈ ಬುದ್ಧಿ ಹೊಳೆಯದಿದ್ದದ್ದು ಪುಣ್ಯ. 'ಉಡುಪಿ' ಬೋರ್ಡಿನ ಕೆಳಗೆ ಗೋಬಿ ಮಂಚೂರಿ ಮಾರುವವರನ್ನು ಹಿಡಿಯಲು ಹೊರಟಿದ್ದರೆ ಮುಂಬೈ ಒಂದಕ್ಕೇ ಒಂದು ಬೆಟಾಲಿಯನ್ ಬೇಕಾಗುತ್ತಿತ್ತು.

ಸರ್ಕಾರದ ಯೋಜನೆ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ. 2016ರಲ್ಲಿ ಎದ್ದು ಕೂತಾಗ ಅದು ಪೊಲೀಸ್ ವೇಷ ಕಳಚಿ ಮೇಷ್ಟ್ರಾಗಿತ್ತು. ಜಪಾನಿನಲ್ಲಿ ಸುಮಾರು 2 ವರ್ಷ ಪಳಗಿದ ವಿದೇಶಿ ಬಾಣಸಿಗನಿಗೆ ಚಿನ್ನ, 1 ವರ್ಷದವನಿಗೆ ಬೆಳ್ಳಿ, ಅಲ್ಪಾವಧಿ ತರಬೇತಿ ಪಡೆದವನಿಗೆ ಕಂಚು.

ಸರಿ, ಈ ಅಪ್ಪಟ ಸುಶಿಯನ್ನು ಅದರ ತವರಿನಲ್ಲೇ ನೋಡೋಣ. 1958ರಲ್ಲಿ ಒಸಾಕಾ ಪಕ್ಕದ ಊರಿನಲ್ಲಿ ಯೊಶಿಯಾಕಿ ಶಿರಾಯಿಶಿ ಎಂಬವರು, ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಲಾಗಿ ಸಾಗುವುದನ್ನು ಕಂಡು ಸುಶಿ ತಟ್ಟೆಗಳನ್ನೂ ಬೆಲ್ಟ್ ಮೇಲೆ ಹತ್ತಿಸಿದರು. ಇಂದು ಅಂಥ ಅಂಗಡಿಗಳಲ್ಲಿ ಅನ್ನದ ಉಂಡೆಯ ಮೇಲೆ ಹ್ಯಾಂಬರ್ಗರ್ ತುಂಡು ಮಲಗಿಸಿ ಕೊಡುತ್ತಾರೆ. ಮೆಯೊನೀಸ್‌ನಲ್ಲಿ ಅದ್ದಿದ ಸ್ವೀಟ್ ಕಾರ್ನ್ ಕಡಲಕಳೆಯ ಪಟ್ಟಿ ಸುತ್ತಿಕೊಂಡು ಬರುತ್ತದೆ. ಹಿಂದೆಯೇ ಆಲೂಗಡ್ಡೆ ಫ್ರೈ, ರಾಮೆನ್ ಎಂಬ ನೂಡಲ್ಸ್ ಸಾರು, ಪುಡಿಂಗ್. ಮಕ್ಕಳು ಕುಣಿಯುತ್ತಾ ತಿನ್ನುತ್ತಾರೆ. ಯಾವ ಇನ್‌ಸ್ಪೆಕ್ಟರೂ ಬಂದು ಮಹಜರು ಮಾಡುವುದಿಲ್ಲ.

ಇಷ್ಟದ ಸುಶಿ ಯಾವುದೆಂದು ಕೇಳುವ ಅಲ್ಲಿನ ಸಮೀಕ್ಷೆಗಳಲ್ಲಿ ವರ್ಷಾನುಗಟ್ಟಲೆಯಿಂದ ಮೊದಲ ಸ್ಥಾನ ಸಾಲ್ಮನ್‌ಗೆ. ಜಪಾನಿಯರು ಹಿಂದೆ ಈ ಮೀನನ್ನು ಉಪ್ಪು ಹಚ್ಚಿ ಸುಟ್ಟು ತಿನ್ನುತ್ತಿದ್ದರು. ಅವರ ಕಡಲಿನ ಸಾಲ್ಮನ್‌ನಲ್ಲಿ ಹುಳುವಿನ ಭಯ, ಹಸಿಯಾಗಿ ತಿನ್ನುವವರು ಕಡಿಮೆ. 1980ರ ದಶಕದಲ್ಲಿ ನಾರ್ವೆಯವರು ತಾವು ಸಾಕಿದ ಮೀನು ಗುಡ್ಡೆಬಿದ್ದಾಗ, ವರ್ಷಗಟ್ಟಲೆ ಬೆನ್ನುಬಿದ್ದು ಜಪಾನಿಯರ ಬಾಯಿಗೆ ಹಸಿ ಸಾಲ್ಮನ್ ಇಟ್ಟರು. ಸುಶಿಯ ಪುರಾಣ ಕೆದಕಿದರಂತೂ ಅದರ ಮೂಲ ಆಗ್ನೇಯ ಏಷ್ಯಾ. ಅಲ್ಲಿ ಮೀನು ಕೆಡದಿರಲೆಂದು ಅನ್ನದಲ್ಲಿ ಹುಗಿದು ಹುಳಿ ಬರಿಸಿ, ಅನ್ನವನ್ನು ಎಸೆದುಬಿಡುತ್ತಿದ್ದರು. ಸುಶಿಯ ಜೊತೆಗಿಡುವ ಖಾರದ ಹಸಿರು ಮುದ್ದೆ, ವಾಸಾಬಿ? ಜಪಾನಿನಲ್ಲೇ ಟ್ಯೂಬಿನಲ್ಲಿ ಸಿಗುವ ಅಗ್ಗದ ವಾಸಾಬಿಯಲ್ಲಿ ಬಹುಪಾಲು ಹಾರ್ಸ್‌ರ‍್ಯಾಡಿಶ್ ಬೇರು, ಮೇಲೊಂದಿಷ್ಟು ಹಸಿರು ಬಣ್ಣ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಮನೆಯ ಸುಶಿಯದು ಇನ್ನೂ ನಿರಾಳ. ನಡುವೆ ವಿನೆಗರ್ ಬೆರೆಸಿದ ಅನ್ನ, ಸುತ್ತ ಸೌತೆಕಾಯಿ, ಮೊಟ್ಟೆ, ಡಬ್ಬಿಯ ಟ್ಯೂನಾ. ಬೇಕಾದ್ದನ್ನು ಬೇಕಾದವರು ಕಡಲಕಳೆಯ ಹಾಳೆಯಲ್ಲಿ ಸುತ್ತಿಕೊಳ್ಳುತ್ತಾರೆ. ಅದಕ್ಕೂ ಸೋಮಾರಿತನ ಬಂದರೆ ಸೂಪರ್ ಮಾರ್ಕೆಟ್. ಸಂಜೆ ಕಳೆದಂತೆ ಸಾಶಿಮಿಯ (ಹಸಿ ಮೀನಿನ ಹೋಳು) ಶೆಲ್ಫಿನ ಸುತ್ತ ಮರ್ಯಾದಸ್ಥರು ಸುಮ್ಮಸುಮ್ಮನೆ ಸುಳಿದಾಡತೊಡಗುತ್ತಾರೆ. ಕೈಯಲ್ಲಿ ಸೊಪ್ಪು, ಕಣ್ಣೆಲ್ಲ ಅಂಗಡಿಯ ಹುಡುಗನ ಮೇಲೆ. ಅವನು ಬಂದು ಚೂರು ಮೂಲಂಗಿ, ಪ್ಲಾಸ್ಟಿಕ್ ಹುಲ್ಲಿನ ಹಾಸಿಗೆಯ ಮೇಲೆ ಮಲಗಿದ ಮೀನಿಗೆ 'ಅರ್ಧ ಬೆಲೆ' ಚೀಟಿ ಅಂಟಿಸುತ್ತಿದ್ದಂತೆ ಕೈಗಳು ಚಾಚುತ್ತವೆ. ಚಿನ್ನ, ಬೆಳ್ಳಿ, ಕಂಚಿಗಿಂತ ಆ ಚೀಟಿಯೇ ನನಗೆ ನಂಬಿಕಸ್ಥ ಸರ್ಟಿಫಿಕೇಟ್ ಅನ್ನಿಸುತ್ತದೆ.

ಇನ್ನು ಎಹೊಮಾಕಿ. ಫೆಬ್ರವರಿ ಮೊದಲ ವಾರದ ಸೆತ್ಸುಬುನ್ ಹಬ್ಬದ ದಿನ ಆ ವರ್ಷದ ಶುಭದಿಕ್ಕಿಗೆ ಮುಖ ಮಾಡಿ, ತುಟಿಪಿಟಕ್ಕೆನ್ನದೆ, ಗೇಣುದ್ದದ ಈ ಸುಶಿ ಸುರುಳಿಯನ್ನು ಕತ್ತರಿಸದೇ ಮುಗಿಸಬೇಕು. ಒಸಾಕಾ ಕಡೆಯ ಈ ರೂಢಿಯನ್ನು ದೇಶಕ್ಕೆಲ್ಲ ಹಬ್ಬಿಸಿದ್ದು ಪುರೋಹಿತರಲ್ಲ, ಕನ್ವೀನಿಯನ್ಸ್ ಸ್ಟೋರ್‌ಗಳು. ಮಾರಾಟದ ಗುರಿ ತಲುಪಲು ಪಾರ್ಟ್‌ಟೈಮ್ ಹುಡುಗರೇ ಕೈಯಿಂದ ದುಡ್ಡು ಹಾಕಿ ಕೊಂಡ ಸುದ್ದಿಗಳೂ ಬಂದವು. ಆದರೂ ಉಳಿದದ್ದು ಕಸಕ್ಕೆ. ಕಡೆಗೆ 2019ರ ಜನವರಿಯಲ್ಲಿ ಸಚಿವಾಲಯ (ಹೌದು, ಅದೇ ಕೃಷಿ ಸಚಿವಾಲಯ) ಬೇಡಿಕೆ ಇದ್ದಷ್ಟೇ ತಯಾರಿಸಿ ಎಂದು ವ್ಯಾಪಾರಿಗಳನ್ನು ಕೇಳಿಕೊಳ್ಳಬೇಕಾಯಿತು. ಶುಭದಿಕ್ಕು ಯಾವುದೆಂದು ಅಂಗಡಿಯವರು ವರ್ಷವರ್ಷವೂ ಜಾಹೀರಾತು ಹಾಕುತ್ತಾರೆ. ಕಸದ ತೊಟ್ಟಿ ಯಾವ ದಿಕ್ಕಿಗಿದೆ ಎಂದು ಮಾತ್ರ ಹೇಳುವುದಿಲ್ಲ.