ಆ ಹುಡುಗನ್ನ ಯಾಕೆ ತಂದ್ರು ಅಂತ ಕೇಳೋರಿಗೆ

ಮೊದಲೇ ಹೇಳ್ಬಿಡ್ತೀನಿ, ‘ದ ಗ್ಲೋರಿ’ ಅನ್ನೋ ಕೊರಿಯನ್ ಸೀರಿಯಲ್ ಇನ್ನೂ ನೋಡಿಲ್ದೇ ಇರೋರು ಇಲ್ಲಿಗೇ ನಿಲ್ಸಿ. ಕಥೆ ಪೂರ್ತಿ ಬಿಚ್ಚಿಡ್ತೀನಿ, ಆಮೇಲೆ ಇನ್‌ಬಾಕ್ಸಿಗೆ ಬಂದು ಬೈಬೇಡಿ.

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಮತ್ತೆ ಅದೇ ಜಗಳ. ಟೀಮಿಗೆ ಹೊಸದಾಗಿ ಸೇರಿರೋ ಹುಡುಗಿ ವೀಕೆಂಡಲ್ಲಿ ಕೂತು ಹದಿನಾರು ಎಪಿಸೋಡೂ ಮುಗ್ಸಿ ಕಣ್ಣು ಕೆಂಪಗೆ ಮಾಡ್ಕೊಂಡು ಬಂದಿದ್ಲು. "ಅಕ್ಕಾ, ಸೇಡಿನ ಕಥೆ ಎಷ್ಟ್ ಚೆನ್ನಾಗಿ ಹೋಗ್ತಿತ್ತು, ಮಧ್ಯದಲ್ಲಿ ಆ ಡಾಕ್ಟರ್ ಹುಡುಗನ್ನ ಯಾಕೆ ತಂದ್ರು, ಹಾಳ್ ಮಾಡ್ಬಿಟ್ರು" ಅಂದ್ಲು. ಪಕ್ಕದಲ್ಲಿ ಕೂತಿದ್ದ ಅಕೌಂಟ್ಸ್ ಮೇಡಂ ಇದಾರಲ್ಲ, ಕೊರಿಯನ್ ಸೀರಿಯಲ್ ಅಂದ್ರೆ ಪ್ರಾಣ ಅವರಿಗೆ, ಅವರು ಚಪಾತಿ ಮುರೀತಾನೇ "ಎಲ್ಲಿತ್ತು ರೀ ರೊಮ್ಯಾನ್ಸು, ಇಡೀ ಸೀರಿಯಲಲ್ಲಿ ಹುಡುಗ ಹುಡುಗಿ ನೆಟ್ಟಗೆ ಕೈ ಕೈ ಹಿಡ್ಕೊಳ್ಳಲ್ಲ, ಬರ್ದಿರೋದು ಕಿಮ್ ಉನ್-ಸುಕ್ ಅಂತ ನಂಬಿ ಕೂತಿದ್ದೆ" ಅಂದ್ರು. ಒಬ್ಬ ಹುಡುಗ, ಒಬ್ಬರಿಗೆ ಜಾಸ್ತಿ ಆದ, ಇನ್ನೊಬ್ಬರಿಗೆ ಕಮ್ಮಿ ಆದ. ನಾನು ಅವತ್ತು ಮೊಸರನ್ನ ತಿನ್ಕೊಂಡು ಸುಮ್ನಿದ್ದೆ. ಆದ್ರೆ ಮನಸ್ಸಲ್ಲೇ ಇಟ್ಕೊಂಡ್ರೆ ನಿದ್ದೆ ಬರಲ್ಲ, ಅದಕ್ಕೇ ಈ ಪುರಾಣ.

ಮೇಡಂ ಬೇಜಾರು ನಂಗೆ ಅರ್ಥ ಆಗುತ್ತೆ. ಕಿಮ್ ಉನ್-ಸುಕ್ ಅಂದ್ರೆ 2004ರ ‘ಲವರ್ಸ್ ಇನ್ ಪ್ಯಾರಿಸ್’ನಿಂದ ಹಿಡಿದು ‘ಸೀಕ್ರೆಟ್ ಗಾರ್ಡನ್’, ‘ಡಿಸೆಂಡೆಂಟ್ಸ್ ಆಫ್ ದ ಸನ್’, ‘ಗಾಬ್ಲಿನ್’ ತನಕ ಬರೀ ಲವ್ ಬರ್ದು ಇಡೀ ಏಷ್ಯಾನೇ ಅಳ್ಸಿದ ಹೆಂಗಸು. ಶ್ರೀಮಂತ ಹುಡುಗ, ಬಡ ಹುಡುಗಿ, ಮಳೆ, ಛತ್ರಿ, ಆ ಲೆಕ್ಕ. ಅಂಥವರು ಒಂದಿನ ಹೈಸ್ಕೂಲ್ ಹುಡುಗಿ ಮೈಮೇಲೆ ಕೂದಲು ಸುರುಳಿ ಮಾಡೋ ಬಿಸಿ ಕಬ್ಬಿಣ ಇಟ್ಟು ಸುಡೋ ಸೀನ್ ಬರೀತಾರೆ ಅಂದ್ರೆ ಯಾರಿಗಾದ್ರೂ ಶಾಕೇ. ಪ್ರೆಸ್‌ಮೀಟಲ್ಲಿ ಅವರೇ ಹೇಳ್ಕೊಂಡಿದ್ರು, ಹೈಸ್ಕೂಲಲ್ಲಿದ್ದ ಮಗಳು ಒಂದು ಪ್ರಶ್ನೆ ಕೇಳಿದ್ಲಂತೆ, ನಾನು ಯಾರನ್ನೋ ಹೊಡೆದು ಸಾಯ್ಸಿದ್ರೆ ನಿಂಗೆ ಜಾಸ್ತಿ ನೋವಾಗುತ್ತಾ ಇಲ್ಲಾ ನಾನೇ ಏಟು ತಿಂದು ಸತ್ರೆ ಜಾಸ್ತಿ ನೋವಾಗುತ್ತಾ ಅಂತ. ಅಲ್ಲಿಂದ ಹುಟ್ಟಿದ ಕಥೆ ಇದು. ಆ ಕಬ್ಬಿಣದ ಸೀನು ಬರೀ ಕಲ್ಪನೇನೂ ಅಲ್ಲ, 2006ರಲ್ಲಿ ಚೊಂಗ್‌ಜು ಊರಿನ ಒಂದು ಸ್ಕೂಲಲ್ಲಿ ಇಂಥದ್ದೇ ನಡೆದಿತ್ತು ಅಂತ ಕೊರಿಯಾದ ಪೇಪರ್‌ಗಳು ಆಮೇಲೆ ನೆನಪು ಮಾಡಿದ್ವು.

ಸರಿ, ನಮ್ಮನೆ ಕಥೆಗೆ ಬರ್ತೀನಿ. ಮೊದಲ ಎಂಟು ಎಪಿಸೋಡ್ ಬಂದಿದ್ದು 2022ರ ಡಿಸೆಂಬರ್ 30ಕ್ಕೆ. ಅವರೆಕಾಯಿ ಕಾಲ. ನಾನು ಮೈಸೂರಲ್ಲಿ ಅಮ್ಮನ ಮನೇಲಿದ್ದೆ. ಅಮ್ಮ ಸಾಯಂಕಾಲ ಹಾಲಲ್ಲಿ ಪಾತ್ರೆ ಇಟ್ಕೊಂಡು ನೆನೆಸಿದ ಅವರೆಕಾಳು ಹಿಸುಕ್ತಾ ಕೂರೋಳು, ನಾನು ಟಿವಿಗೆ ಹಾಕೊಂಡು ಸಬ್‌ಟೈಟಲ್ ಓದಿ ಓದಿ ಕನ್ನಡದಲ್ಲಿ ಹೇಳ್ತಾ ಹೋಗೋದು. ನೋಡ್ತಿದ್ದೀನಿ ಅಂತ ಅಮ್ಮ ಒಪ್ಕೊಳ್ಳಲ್ಲ. "ನಂಗೇನು, ಕೈಗೆ ಕೆಲ್ಸ ಇದೆ, ಕಿವಿಗೆ ಏನೋ ಬೀಳ್ತಿದೆ" ಅಂತಾಳೆ. ಆದ್ರೆ ನಾನು ಬಾತ್‌ರೂಮಿಗೆ ಎದ್ರೆ "ನಿಲ್ಸೋಗೇ" ಅಂತ ಕೂಗ್ತಾಳೆ.

ಹೀರೋಯಿನ್ ಡಾಂಗ್-ಉನ್, ಅದೇ ಸ್ಕೂಲಲ್ಲಿ ಬಿಸಿ ಕಬ್ಬಿಣದಲ್ಲಿ ಸುಡಿಸ್ಕೊಂಡು ದೊಡ್ಡೋಳಾದ್ಮೇಲೆ ಸೇಡಿಗೆ ಹೊರಟೋಳು, ತನ್ನ ಮೈಮೇಲಿನ ಸುಟ್ಟ ಕಲೆ ತೋರಿಸಿದಾಗ ಅಮ್ಮ ಹಿಸುಕೋದು ನಿಲ್ಲಿಸಿದ್ಲು, ಕಾಳು ಬೆರಳಲ್ಲೇ ಇತ್ತು. ಆ ಡಾಕ್ಟ್ರು, ಯೊ-ಜಾಂಗ್, ಅದನ್ನ ನೋಡಿ ಅಳ್ತಾ ತಾನು ಜೊತೆಗಿರ್ತೀನಿ ಅಂತಾನೆ, ಯಾರನ್ನ ಮೊದ್ಲು ಮುಗಿಸ್ಬೇಕು ಹೇಳು ಅನ್ನೋ ಧಾಟೀಲಿ. ನಾನು ನಿನ್ನನ್ನ ಕಾಪಾಡ್ತೀನಿ, ಮರ್ತುಬಿಡು, ಹೊಸ ಜೀವನ ಶುರು ಮಾಡೋಣ, ಇಂಥದ್ದೆಲ್ಲ ಇಲ್ಲ. ಇವಳೂ ಅಷ್ಟೇ, ತನಗೆ ಬೇಕಾಗಿರೋದು ರಾಜಕುಮಾರ ಅಲ್ಲ, ಜೊತೆಗೆ ಕತ್ತಿ ಹಿಡ್ಕೊಂಡು ಕುಣಿಯೋನು ಅಂತ ಮೊದಲೇ ಹೇಳಿರ್ತಾಳೆ. ಅಲ್ಲೊಂದು ಪದ ಇದೆ, ‘ಮಾಂಗ್‌ನಾನಿ’. ಹಿಂದೆ ಜೋಸೋನ್ ರಾಜರ ಕಾಲದಲ್ಲಿ ತಲೆ ಕಡಿಯೋ ಕೆಲಸದವನು, ಕಡಿಯೋಕೆ ಮುಂಚೆ ಕತ್ತಿಗೆ ಹೆಂಡ ಉಗಿದು ಸುತ್ತ ಕುಣೀತಿದ್ನಂತೆ. ಈಗ ಆ ಭಾಷೇಲಿ ಪೋಕರಿ ಅಂತ ಬೈಯೋಕೂ ಅದೇ ಪದ. ಒಂದು ಪದದಲ್ಲಿ ಇಷ್ಟೆಲ್ಲ ಇದೆ, ಇಂಗ್ಲಿಷ್ ಸಬ್‌ಟೈಟಲಲ್ಲಿ ಬರೀ ತಲೆ ಕಡಿಯೋನು ಅಂತ ಬಂತು. ನಾನು ಕಷ್ಟಪಟ್ಟು ಅಮ್ಮಂಗೆ ವಿವರಿಸೋಕೆ ಹೋದೆ.

ಅಮ್ಮ ತಲೆ ಎತ್ತದೇನೆ "ವಲಲ" ಅಂದ್ಲು.

ಏನಮ್ಮ ಅಂದೆ. "ಕೀಚಕನ ಕಾಟ ತಡೀಲಾರ್ದೆ ದ್ರೌಪದಿ ಯಾರ್ ಹತ್ರ ಹೋದ್ಲೇ? ಐದು ಜನ ಗಂಡಂದ್ರು. ಧರ್ಮರಾಯಂಗೆ ಹೇಳಿದ್ರೆ ತಾಳ್ಕೋ ಅಂತಾನೆ. ಅರ್ಜುನ ಅಣ್ಣನ ಮುಖ ನೋಡ್ತಾನೆ. ನಡುರಾತ್ರಿ ಅಡುಗೆಮನೆಗೇ ಹೋಗಿ ಗಲ್ಲ ಹಿಡಿದು ಅಲ್ಲಾಡ್ಸಿ ಭೀಮನ್ನ ಎಬ್ಸಿದ್ಲು. ಅವ್ನು ಬೈದ್ನೇ ಹೊರತು ಆಗಲ್ಲ ಅನ್ಲಿಲ್ಲ" ಅಂದ್ಲು. ಅಮ್ಮ ಸಣ್ಣೋಳಿದ್ದಾಗ ಅಜ್ಜನ ಜೊತೆ ಗಮಕ ಕೇಳೋಕೆ ಹೋಗ್ತಿದ್ಲು, ಇವೆಲ್ಲ ಅವಳಿಗೆ ಬಾಯಲ್ಲೇ ಇದೆ.

ನೋಡಿ, ಆಫೀಸಿನ ಜಗಳಕ್ಕೆ ಉತ್ತರ ನಂಗೆ ಅವತ್ತೇ ಸಿಕ್ಕಿತ್ತು. ಆ ಹುಡುಗ ಸೇಡಿನ ಕಥೆಗೆ ಅಡ್ಡ ಬಂದ ಲವರ್ ಅಲ್ಲ. ತಡೀತೀನಿ ಅಂತ ಬಂದಿದ್ರೆ ಅಡ್ಡ. ಮರ್ತುಬಿಡು ಅಂದಿದ್ರೆ ನಾನೂ ನಿಮ್ ಜೊತೆ ಸೇರ್ಕೊಂಡು ಬೈತಿದ್ದೆ, ಯಾಕಂದ್ರೆ ಹೆಣ್ಣಿನ ಸಿಟ್ಟನ್ನ ಗಂಡಿನ ಪ್ರೀತಿ ಬಂದು ತಣ್ಣಗೆ ಮಾಡೋ ಸೀರಿಯಲ್ ನೋಡಿ ನೋಡಿ ಸಾಕಾಗಿದೆ, ಅದು ಕೊರಿಯಾದ್ದಾದ್ರೂ ಅಷ್ಟೇ ನಮ್ಮ ಏಳೂವರೆ ಸ್ಲಾಟಿಂದಾದ್ರೂ ಅಷ್ಟೇ. ಇವನು ಹಾಗಲ್ಲ, ಅವಳ ಸಿಟ್ಟಿಗೆ ಕೂಲಿ ಇಲ್ಲದ ಆಳು. ಅವನಿಗೂ ಒಂದು ಗಾಯ ಇದೆ ಅನ್ನೋದನ್ನ ಬೇಕಾದಷ್ಟು ಜನ ಮರೀತಾರೆ. ಡಾಕ್ಟರ್ ಆಗಿದ್ದ ಅಪ್ಪನ್ನ ಕೊಂದೋನು ಜೈಲಲ್ಲಿ ಕೂತು ಕಾಗದ ಬರ್ದು ಹಂಗಿಸ್ತಿರ್ತಾನೆ. ಮುಖದ ಮೇಲೆ ನಗು, ಬ್ಯಾಗಲ್ಲಿ ಚಾಕು, ಹಾಗೆ ಬದುಕ್ತಿರೋ ಹುಡುಗ ಅವನು. ಇಬ್ಬರೂ ಬೇಯ್ತಿರೋರು, ಅದಕ್ಕೇ ಕೈ ಹಿಡಿಯೋಕೆ ಭಯ. ಮೇಡಂ, ಇದಕ್ಕಿಂತ ರೊಮ್ಯಾನ್ಸ್ ಬೇಕಾ?

ಹೌದು, ವಯಸ್ಸಿನ ಮಾತೂ ಬಂತು. ಡಾಂಗ್-ಉನ್ ಪಾತ್ರ ಮಾಡಿರೋ ಸಾಂಗ್ ಹೇ-ಕ್ಯೋ 1981ರಲ್ಲಿ ಹುಟ್ಟಿದೋಳು, ಡಾಕ್ಟ್ರ ಪಾತ್ರದ ಲೀ ಡೊ-ಹ್ಯುನ್ 1995. ಅಕ್ಕ ತಮ್ಮನ ಥರ ಕಾಣ್ತಾರೆ ಅಂತ ಎಷ್ಟೋ ಜನ. ಹೀರೋಗೆ ಐವತ್ತು ಹೀರೋಯಿನ್ನಿಗೆ ಇಪ್ಪತ್ತೈದು ಇರೋ ಸಿನಿಮಾಗೆ ಶಿಳ್ಳೆ ಹೊಡೆಯೋ ನಾವು ಇದನ್ನ ಹೇಳ್ಬಾರ್ದು, ಅಷ್ಟೇ. ಇನ್ನು ಒಂದು ಗುಂಪಿಗೆ ಡಾಕ್ಟ್ರೇ ಬೇಡ, ವಿಲನ್ ಯೊನ್-ಜಿನ್ ಇದಾಳಲ್ಲ, ಅವಳ ಗಂಡ ಹಾ ಡೊ-ಯಂಗ್, ಆ ಸೂಟು ಬೂಟಿನವನು, ಅವನ ಜೊತೆನೇ ಡಾಂಗ್-ಉನ್ ಇರ್ಬೇಕಿತ್ತಂತೆ. ಬಾದುಕ್ ಆಡೋ ಸೀನಿನ ಮಹಿಮೆ. ಬಿಳಿ ಕರಿ ಕಲ್ಲು ಇಟ್ಟು ಜಾಗ ಹಿಡಿಯೋ ಆಟ ಅದು, ಮಾತಿಲ್ಲ, ಎದುರಾಳಿ ಕಟ್ಟಿದ ಮನೇನ ಹೊರಗಿಂದ ಸುತ್ಕೊಂಡು ಬಂದು ಉಸಿರು ಕಟ್ಟಿಸೋದು. ಅವಳು ಬದುಕಲ್ಲೂ ಮಾಡಿದ್ದು ಅದೇ. ಅವನ ಮನೆ ಕೆಡವೋಕೆ ಬಂದೋಳ ಮುಂದೆ ಕೂತು ಅವನು ಸೋಲ್ತಾನಲ್ಲ, ಅಲ್ಲಿ ಏನೋ ಇದೆ, ನಾನು ಇಲ್ಲ ಅನ್ನಲ್ಲ. ನಂಗೂ ಒಂದ್ಸಲ ಎದೆ ಧಸಕ್ ಅಂತು. ಅಮ್ಮಂಗೆ ಮಾತ್ರ ಅವನು ಕಂಡ್ರೆ ಆಗಲ್ಲ, "ಕಟ್ಕೊಂಡ ಹೆಂಡ್ತಿ ಎಂಥೋಳು ಅಂತ ಇಷ್ಟ್ ವರ್ಷ ಗೊತ್ತಾಗ್ಲಿಲ್ವಂತಾ" ಅಂತಾಳೆ. (ಅವನ ಮಗಳು ಅವನ ಮಗಳಲ್ಲ ಅನ್ನೋದಕ್ಕೆ ಕೆಂಪು ಹಸಿರು ಬಣ್ಣಗುರುಡಿನ ಸುಳಿವು ಇಟ್ಟಿದ್ದಾರಲ್ಲ, ಬಯಾಲಜಿ ಓದಿರೋ ನನಗೆ ಅಲ್ಲೊಂದು ಖುಷಿ. ಹೆಣ್ಣುಮಗುಗೆ ಅದು ಬರ್ಬೇಕಂದ್ರೆ ಅಪ್ಪಂಗೆ ಇದ್ರೆ ಸಾಲ್ದು, ಅಮ್ಮನ ಕಡೆಯಿಂದಾನೂ ಬರ್ಬೇಕು. ಅಂದ್ರೆ ಯೊನ್-ಜಿನ್ ರಕ್ತದಲ್ಲೂ ಅದು ಬಚ್ಚಿಟ್ಕೊಂಡಿತ್ತು.)

ಉಳಿದ ಎಂಟು ಎಪಿಸೋಡಿಗೆ 70 ದಿನ ಕಾಯ್ಸಿದ್ರು, 2023ರ ಮಾರ್ಚ್ 10ರ ತನಕ. ಅಮ್ಮ ದಿನಾ ಫೋನಲ್ಲಿ "ಬಂತೇನೇ" ಅಂತ ಕೇಳೋಳು, ಗ್ಯಾಸ್ ಸಿಲಿಂಡರ್ ಕೇಳೋ ಹಾಗೆ. ಅಷ್ಟರಲ್ಲಿ ಕೊರಿಯಾದಲ್ಲಿ ನಿಜವಾದ ಸೀರಿಯಲ್ಲೇ ಶುರುವಾಗಿತ್ತು. ಫೆಬ್ರವರಿಯಲ್ಲಿ ಪೊಲೀಸ್ ತನಿಖಾ ವಿಭಾಗಕ್ಕೆ ಮುಖ್ಯಸ್ಥ ಅಂತ ಒಬ್ಬ ಹಳೇ ಪ್ರಾಸಿಕ್ಯೂಟರನ್ನ ನೇಮಿಸಿದ್ರು, ಮಗ ಹೈಸ್ಕೂಲಲ್ಲಿ ಸಹಪಾಠಿಗೆ ಕಾಟ ಕೊಟ್ಟಿದ್ದು, ಶಿಕ್ಷೆ ತಪ್ಪಿಸೋಕೆ ಸುಪ್ರೀಂ ಕೋರ್ಟ್ ತನಕ ಎಳೆದಾಡಿದ್ದು ಹೊರಗೆ ಬಂತು, ಒಂದೇ ದಿನಕ್ಕೆ ನೇಮಕ ರದ್ದಾಯ್ತು. ಇನ್ನೂ ವಿಚಿತ್ರ ಕೇಳಿ, ಎರಡನೇ ಭಾಗ ಬಂದ ದಿನಾನೇ ಇದರ ಡೈರೆಕ್ಟರ್ ಆನ್ ಗಿಲ್-ಹೊ ಮೇಲೇ ಆರೋಪ ಬಂತು, 1996ರಲ್ಲಿ ಫಿಲಿಪೀನ್ಸಲ್ಲಿ ಓದ್ತಿದ್ದಾಗ ಚಿಕ್ಕ ಹುಡುಗರಿಗೆ ಹೊಡೆದಿದ್ರು ಅಂತ. ಮೊದ್ಲು ಇಲ್ಲ ಅಂದ್ರು, ಎರಡೇ ದಿನಕ್ಕೆ ವಕೀಲರ ಕೈಲಿ ಕ್ಷಮೆ ಕೇಳಿಸಿದ್ರು. ಏಪ್ರಿಲಲ್ಲಿ ಸರ್ಕಾರ, ಸ್ಕೂಲಲ್ಲಿ ಹಿಂಸೆ ಮಾಡಿದವರ ದಾಖಲೆನ 2 ವರ್ಷದ ಬದಲು 4 ವರ್ಷ ಇಡ್ತೀವಿ, ಕಾಲೇಜ್ ಅಡ್ಮಿಷನ್ನಿಗೂ ಲೆಕ್ಕಕ್ಕೆ ತಗೋತೀವಿ ಅಂತು. ಇದರ ಮಧ್ಯೆ ಅದೇ ಏಪ್ರಿಲ್ 1ಕ್ಕೆ ಸೀರಿಯಲಿನ ಹೀರೋ ಮತ್ತೆ ವಿಲನ್ ಲಿಮ್ ಜಿ-ಯೊನ್ ನಿಜವಾಗ್ಲೂ ಲವ್ ಮಾಡ್ತಿದ್ದಾರೆ ಅನ್ನೋ ಸುದ್ದಿ, ಏಪ್ರಿಲ್ ಫೂಲ್ ಅನ್ಕೊಂಡೆ, ನಿಜ. ನಮ್ ಆಫೀಸ್ ಮೇಡಂ "ಅವನು ಪಾರ್ಟಿ ಬದಲಾಯಿಸ್ಬಿಟ್ಟ" ಅಂದ್ರು.

ಇನ್ನು ಸೇಡು ಸಾಲ್ಲಿಲ್ಲ ಅನ್ನೋರ ಬಗ್ಗೆ. ಯೊನ್-ಜಿನ್‌ಗೆ ಬರೀ ಜೈಲಾ, ಉಳಿದೋರಲ್ಲಿ ಕೆಲವರಿಗೆ ಸಾವು, ಕಣ್ಣು ಹೋಗೋದು, ಗಂಟಲು ಹೋಗೋದು ಆಗಿ ಮೇನ್ ವಿಲನ್ನಿಗೆ ಇಷ್ಟೇನಾ ಅಂತ. ನಂಗೂ ಮೊದ್ಲು ಹಾಗೇ ಅನ್ನಿಸ್ತು. ಆದ್ರೆ ಆ ಕೊನೇ ಸೀನ್ ನೆನಪು ಮಾಡ್ಕೊಳ್ಳಿ. ಟಿವಿಲಿ ಮೇಕಪ್ ಮಾಡ್ಕೊಂಡು ಹವಾಮಾನ ವರದಿ ಓದ್ತಿದ್ದೋಳು, ಜೈಲು ಬಟ್ಟೇಲಿ ಬೇರೆ ಕೈದಿಗಳ ಮುಂದೆ ನಿಂತು ಇಲ್ಲದ ಮ್ಯಾಪಿಗೆ ಕೈ ತೋರಿಸ್ತಾ ಮಳೆ ಬಿಸಿಲು ಓದ್ಬೇಕು. ಓದ್ತಾ ಓದ್ತಾ ಮುಖ ಒಡೆಯುತ್ತೆ. ಹದಿನೆಂಟು ವರ್ಷದ ಹಿಂದೆ ಡಾಂಗ್-ಉನ್ನ ನಿಲ್ಸಿ ಕುಣಿ ಅಂದಿದ್ದ ಗುಂಪಿನ ಯಜಮಾನಿ ಇವಳೇ. ಸಾಯ್ಸಿದ್ರೆ ಇದು ಸಿಗ್ತಿರ್ಲಿಲ್ಲ.

ಇಲ್ಲೊಂದು ಸ್ವಂತ ಕಥೆ ಹೇಳ್ಬೇಕು, ಹೇಳ್ಬೇಕೋ ಬೇಡ್ವೋ ಅಂತ ಎರಡು ದಿನ ಯೋಚ್ನೆ ಮಾಡಿದೆ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಮೂರು ಜನ ಹುಡುಗೀರು ನನ್ನ ಊಟದ ಡಬ್ಬಿ ತೆಗೆದು ಬ್ಯಾಗೊಳಗೇ ಸುರೀತಿದ್ರು. ದಿನಾ ಅಲ್ಲ, ಯಾವತ್ತು ಅಂತ ಗೊತ್ತಾಗದ ಹಾಗೆ. ಆ ವರ್ಷ ಪೂರ್ತಿ ನನ್ನ ಗಣಿತದ ನೋಟ್ಸಿಂದ ಹುಳಿ ವಾಸನೆ, ಹಾಳೆಗಳಲ್ಲಿ ಅರಿಶಿನದ ಕಲೆ. ಟೀಚರಿಗೆ ಹೇಳಿದ್ದಕ್ಕೆ "ಒಂದು ಕೈಲಿ ಚಪ್ಪಾಳೆ ಆಗಲ್ಲಮ್ಮ" ಅಂದ್ರು. ಡಾಂಗ್-ಉನ್ ಟೀಚರು ವಾಚ್ ಬಿಚ್ಚಿಟ್ಟು ಅವಳ ಕೆನ್ನೆಗೇ ಹೊಡೀತಾನೆ, ಅದಕ್ಕೆ ಹೋಲಿಸಿದ್ರೆ ನಂದು ಏನೂ ಅಲ್ಲ, ಗೊತ್ತು. ಆದ್ರೆ ಆ ಮೂರರಲ್ಲಿ ಒಬ್ಬಳು ಈಗ ಹಳೇ ಸ್ನೇಹಿತರ ವಾಟ್ಸಾಪ್ ಗ್ರೂಪಲ್ಲಿದ್ದಾಳೆ, ದಿನಾ ಬೆಳಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸ್ತಾಳೆ, ನನ್ನ ಹುಟ್ಟಿದಬ್ಬಕ್ಕೆ "ನಮ್ಮ ಬೆಂಚಿನ ಚಿನ್ನ" ಅಂತ ಬರೀತಾಳೆ. ಅವಳಿಗೆ ನಿಜವಾಗ್ಲೂ ನೆನಪಿಲ್ಲ. ಅದೇ ನಂಗೆ ತಡ್ಕೊಳಕ್ಕಾಗದೇ ಇರೋದು. ಹಾಗಾಗಿ ‘ಮೂವ್ ಆನ್ ಆಗ್ಬಹುದಿತ್ತಲ್ವಾ, ಅಷ್ಟ್ ಒಳ್ಳೇ ಹುಡುಗ ಸಿಕ್ಕಿದ್ದ’ ಅಂತ ಯಾರಾದ್ರೂ ಡಾಂಗ್-ಉನ್ ಬಗ್ಗೆ ಹೇಳಿದ್ರೆ ನಂಗೆ ಮೈ ಉರಿಯುತ್ತೆ. ಈ ಕಥೆಗೆ ‘ಗ್ಲೋರಿ’ ಅಂತ ಯಾಕೆ ಹೆಸರು ಅಂದಾಗ ಆ ರೈಟರ್ ಹೇಳಿದ್ದೂ ಅದೇ ಅರ್ಥದ್ದು, ಏಟು ತಿಂದೋರು ಪ್ರಾಮಾಣಿಕವಾದ ಕ್ಷಮೆ ಬಯಸೋದು ಹೊಸದಾಗಿ ಏನೋ ಪಡಿಯೋಕಲ್ಲ, ಕಿತ್ಕೊಂಡಿದ್ದ ಮರ್ಯಾದೆ ವಾಪಸ್ ತಗೊಳ್ಳೋಕೆ ಅಂತ.

ಮತ್ತೆ ಪ್ರೀತಿ ಪ್ರೀತಿ ಅಂತ ಹುಡುಕೋರು ಹ್ಯೊನ್-ನಾಮ್ ಅಕ್ಕನ್ನ ಯಾಕೆ ಲೆಕ್ಕಕ್ಕೇ ತಗೊಳ್ಳಲ್ಲ? ಗಂಡನ ಕೈಲಿ ದಿನಾ ಒದೆ ತಿನ್ನೋ ಮನೆಕೆಲಸದ ಹೆಂಗಸು, ಡಾಂಗ್-ಉನ್‌ಗೋಸ್ಕರ ಕ್ಯಾಮೆರಾ ಹಿಡಿದು ಪತ್ತೇದಾರಿ ಮಾಡ್ತಾಳೆ. ಒಂದ್ಸಲ ಜೋರಾಗಿ ನಕ್ಕುಬಿಟ್ಟು, ಏಟು ತಿಂತೀನಿ ನಿಜ, ಆದ್ರೆ ನಾನು ನಗೋ ಹೆಂಗಸೇ ಅಂತಾಳಲ್ಲ, ಯೊಮ್ ಹೇ-ರಾನ್ ಅದನ್ನ ಹೇಳೋ ರೀತಿಗೆ ನಮ್ಮನೇಲಿ ಇಬ್ರೂ ಅತ್ವಿ. ಒಬ್ಬಳೇ ಕೂತು ಅಂಗಡಿಯ ತ್ರಿಕೋನದ ಅನ್ನದ ಉಂಡೆ ತಿನ್ನೋ ಡಾಂಗ್-ಉನ್ ಮುಖದಲ್ಲಿ ಮೊದಲ ಸಲ ನಗು ತರಿಸಿದ್ದು ಡಾಕ್ಟರ್ ಅಲ್ಲ ಸ್ವಾಮಿ, ಈ ಅಕ್ಕ.

ಆಮೇಲೆ ಆ ಮನೆ ಓನರ್ ಅಜ್ಜಿ. ಕೊನೇ ಎಪಿಸೋಡಲ್ಲಿ ಗೊತ್ತಾಗುತ್ತೆ, ವರ್ಷಾನುಗಟ್ಟಲೆ ಹಿಂದೆ ಚಳಿಗಾಲದ ಒಂದು ರಾತ್ರಿ ಇಬ್ರೂ ಸಾಯೋಕೆ ಅಂತ ಒಂದೇ ನದಿಗೆ ಬಂದಿದ್ರು ಅಂತ. ಒದ್ದೆ ಮೈಲಿ ನಡುಗ್ತಾ ಅಜ್ಜಿ ಹುಡುಗಿಗೆ, ನೀರು ತುಂಬಾ ತಣ್ಣಗಿದೆ, ವಸಂತ ಬರ್ಲಿ, ಆವಾಗ ಸಾಯೋಣ ಅಂತಾಳೆ. ನಾನು ಓದಿ ಹೇಳೋಕೆ ಬಾಯಿ ತೆರೆದೆ, ಅಮ್ಮ ಕೈ ಅಡ್ಡ ಹಿಡಿದು "ಬೇಡ, ಸುಮ್ನಿರು, ತಿಳೀತು" ಅಂದ್ಲು. ಹೇಗ್ ತಿಳೀತೋ.

ಆಮೇಲೆ ಡಾಂಗ್-ಉನ್ ಎಲ್ಲ ಮುಗಿಸಿ ಸಾಯೋಕೆ ಹೋಗೋದು, ಹುಡುಗನ ಅಮ್ಮ ಓಡಿ ಬಂದು ನನ್ನ ಮಗನ್ನ ಉಳಿಸು ಅಂತ ಬೇಡ್ಕೊಳ್ಳೋದು, ಇಬ್ರೂ ಅವನ ಅಪ್ಪನ್ನ ಕೊಂದೋನು ಇರೋ ಜೈಲಿಗೆ ಕೆಲಸಕ್ಕೆ ಸೇರೋದು. ಈಗ ಅವಳ ಸರದಿ, ಅವಳೇ ಭೀಮ. ಬಾಗಿಲು ಮುಚ್ಚುತ್ತೆ, ಅಲ್ಲಿಗೆ ಸೀರಿಯಲ್ ಖತಂ. ಅಮ್ಮ ಇವತ್ತಿಗೂ ಬಿಟ್ಟಿಲ್ಲ. ಮೊನ್ನೆ ಭಾನುವಾರ ಫೋನ್ ಮಾಡಿ ಸಾರಿನ ಪುಡಿ ಕಳ್ಸಿದ್ದೀನಿ ಅಂತ ಹೇಳಿ ಇನ್ನೇನು ಇಡಬೇಕು, "ಅಲ್ವೇ, ಆ ಜೈಲಲ್ಲಿರೋನ ಕಥೆ ಏನಾಯ್ತೇ, ಮುಂದಿನ ಭಾಗ ಬರುತ್ತೋ ಇಲ್ವೋ, ಯಾರ್ನಾದ್ರೂ ಕೇಳಿ ಹೇಳು" ಅಂದ್ಲು.