ಆಸ್ಕರ್ ಗೆದ್ದ ಮೊದಲ ಏಷ್ಯನ್ ಮಹಿಳೆ: ಒಂದು ಸ್ಪಷ್ಟನೆ

ದಾವಣಗೆರೆಯ ಕ್ವಿಜ್ ಗ್ರೂಪುಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತಿದೆ. ನಟನೆಗೆ ಆಸ್ಕರ್ ಗೆದ್ದ ಮೊದಲ ಏಷ್ಯನ್ ಮಹಿಳೆ ಯಾರು? ಕೆಳಗೆ ಉತ್ತರ: ಮಿಶೆಲ್ ಯೋ, 2023.

ಇದು ತಪ್ಪು. ಅವರಿಗಿಂತ 65 ವರ್ಷ ಮುಂಚೆಯೇ, 1958ರ ಸಮಾರಂಭದಲ್ಲಿ, ಮಿಯೋಶಿ ಉಮೆಕಿ ‘ಸಯೋನಾರಾ’ ಚಿತ್ರಕ್ಕೆ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಪಡೆದಿದ್ದರು.

ಉಮೆಕಿ ಹುಟ್ಟಿದ್ದು 1929ರಲ್ಲಿ, ಜಪಾನಿನ ಒತಾರು ಊರಿನಲ್ಲಿ. ಅಸಲಿಗೆ ಅವರು ಹಾಡುಗಾರ್ತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕರ ಬ್ಯಾಂಡ್ ಜೊತೆ ಹಾಡುತ್ತಿದ್ದರು. ಆಗ ಇಟ್ಟುಕೊಂಡ ಹೆಸರು ನ್ಯಾನ್ಸಿ ಉಮೆಕಿ. 1955ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಕಿಮೋನೊ ಉಟ್ಟು ಆರ್ಥರ್ ಗಾಡ್‌ಫ್ರೇ ಅವರ ಟಿವಿ ಕಾರ್ಯಕ್ರಮದಲ್ಲಿ ಹಾಡಿದ್ದೇ ಸಿನಿಮಾಕ್ಕೆ ದಾರಿಯಾಯಿತು.

ಇಷ್ಟಾದರೂ ಅಲ್ಲಿನ ಮನೆಮನೆಗೆ ಅವರು ಗೊತ್ತಾಗಿದ್ದು ‘ದ ಕೋರ್ಟ್‌ಶಿಪ್ ಆಫ್ ಎಡ್ಡೀಸ್ ಫಾದರ್’ ಎಂಬ ಟಿವಿ ಧಾರಾವಾಹಿಯಲ್ಲಿ ಮನೆಗೆಲಸದ ಮಿಸೆಸ್ ಲಿವಿಂಗ್‌ಸ್ಟನ್ ಆಗಿ. ಆ ಧಾರಾವಾಹಿ 1969ರಿಂದ 1972ರವರೆಗೆ ಬಂತು. ಆಸ್ಕರ್ ಗೆದ್ದವರಿಗೆ ಸಿಕ್ಕ ಪಾತ್ರ ನೋಡಿ! ಆಮೇಲೆ ನಟನೆಯನ್ನೇ ಬಿಟ್ಟರು. 2007ರಲ್ಲಿ ತೀರಿಕೊಂಡರು.

ಯೋ ಅವರದ್ದೂ ದಾಖಲೆಯೇ, ಆದರೆ ಅದು ಅತ್ಯುತ್ತಮ ನಟಿ ವಿಭಾಗದ್ದು. ನಡುವೆ 2021ರಲ್ಲಿ ದಕ್ಷಿಣ ಕೊರಿಯಾದ ಯುನ್ ಯೊ-ಜಂಗ್ ಕೂಡ ಪೋಷಕ ನಟಿಯಾಗಿ ಗೆದ್ದಿದ್ದಾರೆ. ಪ್ರಶ್ನೆಯಲ್ಲಿ ‘ಅತ್ಯುತ್ತಮ ನಟಿ’ ಅಂತ ಸೇರಿಸಿಬಿಟ್ಟರೆ ಗ್ರೂಪಿನ ಉತ್ತರ ಸುಮ್ನೆ ಹಾಗೇ ಉಳಿಸಿಕೊಳ್ಳಬಹುದು.