ಎಲ್ಲಾ ಕೇಳಿಸ್ತಿತ್ತು ಸರ್

ಬೆಳಗ್ಗೆ ಎದ್ದು ಫೋನ್ ನೋಡಿದ್ರೆ ಒಂದು ಮೆಸೇಜು. "ನಮಸ್ತೆ ಸರ್, ನಿನ್ನೆ ಕ್ಲಾಸ್ ತುಂಬಾ ಚೆನ್ನಾಗಿತ್ತು, ಭುಜದ ನೋವು ಕಮ್ಮಿ ಆಗಿದೆ, ರಾತ್ರಿ ಒಳ್ಳೆ ನಿದ್ದೆನೂ ಬಂತು. ಆದ್ರೆ ಹಿಪ್ನಾಟಿಸಂ ಮಾತ್ರ ಆಗ್ಲಿಲ್ಲ ಸರ್, ನೀವು ಹೇಳಿದ್ದೆಲ್ಲಾ ಕೇಳಿಸ್ತಾನೇ ಇತ್ತು. ಫೀಸು ವಾಪಸ್ ಕೊಡೋಕಾಗತ್ತಾ?"

ಬ್ರಷ್ ಬಾಯಲ್ಲೇ ಇಟ್ಕೊಂಡು ನಿಂತುಬಿಟ್ಟೆ. ನೋವು ಕಮ್ಮಿ ಆಗಿದೆಯಂತೆ, ನಿದ್ದೆ ಬಂದಿದೆಯಂತೆ, ಆ ಮನುಷ್ಯ ಸೇರಿದ್ದೇ ಅವೆರಡಕ್ಕೆ. ಆದ್ರೂ ದುಡ್ಡು ವಾಪಸ್ ಬೇಕು, ಯಾಕಂದ್ರೆ ಕಿವಿ ಕೆಲಸ ಮಾಡ್ತಿತ್ತು! ನಾನು ಸೆಲ್ಫ್ ಹಿಪ್ನಾಸಿಸ್ ಹೇಳ್ಕೊಡೋ ಮೇಷ್ಟ್ರು ಕಣ್ರೀ, ಜನರನ್ನ ಕಿವುಡು ಮಾಡೋದು ನನ್ನ ಕೆಲಸ ಅಲ್ಲ. ಕೇಳಿಸ್ಲೇ ಇಲ್ಲ ಅಂದಿದ್ರೆ ಮುಕ್ಕಾಲು ಗಂಟೆ ನಾನು ಗಂಟಲು ಹರ್ಕೊಂಡಿದ್ದು ಯಾರಿಗೆ? ಹರ್ಕೊಂಡಿದ್ದು ಅನ್ನೋದೂ ಸುಳ್ಳೇ ಬಿಡಿ, ನಮ್ಮ ಕೆಲಸದಲ್ಲಿ ಹರ್ಕೊಳ್ಳೋ ಸ್ವಾತಂತ್ರ್ಯ ಕೂಡ ಇಲ್ಲ, ಎಷ್ಟೇ ಉರೀತಿದ್ರೂ ಮೆತ್ತಗೇ ಮಾತಾಡ್ಬೇಕು.

ಪ್ರತಿ ಬ್ಯಾಚಲ್ಲೂ ಮೊದಲನೇ ದಿನ ಹೇಳ್ತೀನಿ. ಇದು ನಿದ್ದೆ ಅಲ್ಲ, ಮೂರ್ಛೆ ಅಲ್ಲ, ಗಮನ ಒಂದೇ ಕಡೆ ಹೋಗತ್ತೆ ಅಷ್ಟೆ, ನಿಮಗೆ ಎಲ್ಲಾ ಕೇಳಿಸತ್ತೆ, ಬೆಂಕಿ ಬಿದ್ರೆ ಎದ್ದು ಓಡ್ತೀರಿ, ನನಗಿಂತ ಮುಂಚೆನೇ ಓಡ್ತೀರಿ. ಎಲ್ಲರೂ ತಲೆ ಆಡಿಸ್ತಾರೆ, ಕೆಲವರು ಬರ್ಕೊಳ್ತಾರೆ. ಕ್ಲಾಸ್ ಮುಗಿದ ತಕ್ಷಣ ಅದೇ ನೋಟ್‌ಬುಕ್ ಕೈಯಲ್ಲಿ ಹಿಡ್ಕೊಂಡು ಬಂದು "ಸರ್, ನನಗೆ ಆಗ್ಲಿಲ್ಲ, ಎಲ್ಲಾ ಕೇಳಿಸ್ತಿತ್ತು." ಇನ್ನೊಂದು ಜಾತಿ ಇದೆ, ಹಿಂದಿನ ಸಾಲಲ್ಲಿ ಗೋಡೆಗೆ ಒರಗಿ ಕೂತು, ನಾನು ಕೆಮ್ಮಿ ಗಂಟಲು ಸರಿಮಾಡ್ಕೊಳ್ಳೋ ಮುಂಚೆನೇ ಗೊರಕೆ ಶುರು ಮಾಡೋರು. ಅವರು ಕೊನೇಲಿ ಬಾಯಿ ಒರೆಸ್ಕೊಂಡು "ಅಬ್ಬಾ ಸರ್, ಎಷ್ಟು ಡೀಪ್ ಹೋಗ್ಬಿಟ್ಟಿದ್ದೆ, ಒಂದಕ್ಷರ ಕೇಳಿಸ್ಲಿಲ್ಲ!" ಅಂತ ನನ್ನ ಕೈ ಕುಲುಕ್ತಾರೆ. ಐದು ಸ್ಟಾರ್ ಕೊಡೋರು ಇವರೇ. ನೆಂಟರು ಸ್ನೇಹಿತರನ್ನ ಕರ್ಕೊಂಡು ಬರೋರೂ ಇವರೇ, ಆ ನೆಂಟರೂ ಬಂದು ಗೋಡೆ ಹುಡುಕ್ತಾರೆ.

ಇನ್ನು ವಾಚಿನ ಕಥೆ. "ಚೈನ್ ವಾಚ್ ಇಲ್ವಾ ಸರ್?" ಅಂತ ಕೇಳದ ಬ್ಯಾಚೇ ಇಲ್ಲ. ನಾನು ಬರಿಗೈಯಲ್ಲಿ ನಿಂತಿದ್ರೆ ಸ್ಟೆತಾಸ್ಕೋಪ್ ಇಲ್ಲದ ಡಾಕ್ಟರನ್ನ ನೋಡಿದ ಹಾಗೆ ನೋಡ್ತಾರೆ. ಈ ವಿದ್ಯೆಗೆ ಈಗಿನ ರೂಪ ಕೊಟ್ಟವರಲ್ಲಿ ಮೊದಲಿಗರು ಜೇಮ್ಸ್ ಬ್ರೇಡ್ ಅಂತ ಸ್ಕಾಟ್ಲೆಂಡಿನ ಸರ್ಜನ್ನು. 1841ರಲ್ಲಿ ಮ್ಯಾಂಚೆಸ್ಟರಲ್ಲಿ ಲಫಾಂಟೇನ್ ಅನ್ನೋ ಫ್ರೆಂಚ್ ಮ್ಯಾಗ್ನೆಟಿಸ್ಟ್, ಅಂದ್ರೆ ಕಾಣದ ಕಾಂತಶಕ್ತಿಯಿಂದ ಜನರನ್ನ ಮಂಪರಿಗೆ ಕಳಿಸ್ತೀನಿ ಅನ್ನೋನು, ಶೋ ಮಾಡ್ತಿದ್ದಾಗ, ಇದೆಲ್ಲಾ ಬೂಟಾಟಿಕೆ ಅನ್ಕೊಂಡೇ ನೋಡೋಕೆ ಹೋದವರು, ಆಮೇಲೆ ಮನೇಲಿ ತಾವೇ ಪ್ರಯೋಗ ಶುರು ಮಾಡಿದ್ರು. ಅವರು ಜನರ ಕಣ್ಮುಂದೆ ಹಿಡೀತಿದ್ದಿದ್ದು ವಾಚಲ್ಲ, ಆಪರೇಷನ್ ಚಾಕು ಇಡೋ ಪುಟ್ಟ ಡಬ್ಬಿ, ಕಣ್ಣಿಂದ 8ರಿಂದ 15 ಇಂಚು ದೂರದಲ್ಲಿ. ಇದನ್ನ ಹೇಳಿದ್ರೆ "ಹಂಗಾದ್ರೆ ಆ ಡಬ್ಬಿನಾದ್ರೂ ತನ್ನಿ" ಅಂತಾರೆ. ಬೇಡ, ಗೋಡೆ ಮೇಲೆ ಯಾವುದಾದ್ರೂ ಒಂದು ಚುಕ್ಕಿ ನೋಡಿ ಸಾಕು ಅಂದೆ ಒಂದು ದಿನ. ನಿಶ್ಶಬ್ದ. ಉಸಿರು ಆಗ್ಲೇ ನಿಧಾನ ಆಗ್ತಿತ್ತು, ಅಷ್ಟರಲ್ಲಿ ಯಾರೋ "ಸರ್, ಆ ಸ್ವಿಚ್ ಬೋರ್ಡ್ ಸೊಟ್ಟ ಇದೆ ಅಲ್ವಾ" ಅಂದ್ರು. ಅಲ್ಲಿಗೆ ಮುಗೀತು, ಇಡೀ ಕ್ಲಾಸು ಸ್ವಿಚ್ ಬೋರ್ಡ್ ಎಷ್ಟು ಸೊಟ್ಟ ಅಂತ ಚರ್ಚೆ ಮಾಡ್ತು, ಒಬ್ಬರು ಎದ್ದು ಹೋಗಿ ಅಳತೆನೂ ತಗೊಂಡ್ರು. ಗಮನ ಒಂದೇ ಕಡೆ ಹೋಗ್ಬೇಕು ಅಂದಿದ್ದೆ, ಹೋಯ್ತು.

ಆದ್ರೆ ನನ್ನ ನಿಜವಾದ ಪರೀಕ್ಷೆ ಅಂದ್ರೆ ಮುಂದಿನ ಸಾಲಿನ ಒಬ್ಬ ಹಿರಿಯರು. ರಿಟೈರ್ ಆದವರು, ಒಳ್ಳೆ ಮನುಷ್ಯರು, ಒಂದು ಕ್ಲಾಸೂ ತಪ್ಪಿಸಿಲ್ಲ, ಒಂದು ಬ್ಯಾಚ್ ಮುಗಿದ್ರೆ ಇನ್ನೊಂದಕ್ಕೆ ಸೇರ್ತಾರೆ. ಅವರ ಅಭ್ಯಾಸ ಒಂದೇ, "ಎಲ್ಲರೂ ಕಣ್ಣು ಮುಚ್ಚಿ" ಅಂದ್ರೆ ಎಡಗಣ್ಣು ಮಾತ್ರ ಮುಚ್ತಾರೆ. ಬಲಗಣ್ಣು ಡ್ಯೂಟಿ ಮೇಲಿರತ್ತೆ. ಮೊದಲು ಪಕ್ಕದವರು ಮುಚ್ಚಿದಾರಾ ಅಂತ ನೋಡ್ತಾರೆ, ಆಮೇಲೆ ಈ ಪಕ್ಕ, ಆಮೇಲೆ ಪೂರ್ತಿ ಕತ್ತು ತಿರುಗಿಸಿ ಹಿಂದಿನ ಸಾಲು. ನಾನು "ಹತ್ತು ಮೆಟ್ಟಿಲು ಇಳೀತಿದೀರಿ... ಹತ್ತು... ಒಂಬತ್ತು..." ಅಂತ ಇಳಿಸ್ತಾ ಇರ್ತೀನಿ, ಎಲ್ಲರೂ ಪಾಪ ಇಳೀತಾ ಇರ್ತಾರೆ, ಆರನೇ ಮೆಟ್ಟಿಲ ಹತ್ರ ಅವರ ಬಲಗಣ್ಣಿಗೂ ನನ್ನ ಕಣ್ಣಿಗೂ ಭೇಟಿ ಆಗತ್ತೆ. ಮುಗುಳ್ನಗ್ತಾರೆ. ನಾನೇನ್ ಮಾಡ್ಲಿ, ಬೈಯೋ ಹಾಗಿಲ್ಲ, ಎಣಿಕೆ ನಿಲ್ಲಿಸೋ ಹಾಗಿಲ್ಲ, ನಾನೂ ನಕ್ಕು "ಐದು" ಅಂತೀನಿ. ಒಂದ್ಸಲ ತಡೀಲಾರದೆ ಅದೇ ಮೆತ್ತನೆ ದನಿಯಲ್ಲೇ "ಯಾರಾದ್ರೂ... ಕಣ್ಣು ತೆರೆದಿದ್ರೆ... ನಿಧಾನವಾಗಿ... ಮುಚ್ಕೋಬಹುದು..." ಅಂತ ಸೇರಿಸಿದೆ. ಯಾರಪ್ಪಾ ತೆರೆದಿರೋರು ಅಂತ ನೋಡೋಕೆ ಇಡೀ ಕ್ಲಾಸು ಕಣ್ಣು ಬಿಡ್ತು. ಆ ಕ್ಷಣದಲ್ಲಿ ಮಾತ್ರ ಅವರು ಎರಡೂ ಕಣ್ಣು ಮುಚ್ಕೊಂಡು, ಸಮಾಧಿಗೆ ಹೋದವರ ಹಾಗೆ ಕೂತಿದ್ರು.

ಅಷ್ಟಕ್ಕೇ ನಿಲ್ಲಲ್ಲ. ಮೂರನೇ ಸಾಲಲ್ಲಿ ಯಾರಾದ್ರೂ ನಿದ್ದೆಗೆ ಜಾರಿದ್ರೆ ಬೆರಳು ಮಾಡಿ ನನಗೆ ತೋರಿಸ್ತಾರೆ. ಟೈಮ್ ಆಗ್ತಾ ಬಂದ್ರೆ ಐದು ಬೆರಳು ಎತ್ತಿ ಇನ್ನೈದು ನಿಮಿಷ ಅಂತ ಸನ್ನೆ. ಶುಲ್ಟ್ಸ್ ಅನ್ನೋ ಜರ್ಮನ್ ಡಾಕ್ಟರು 1932ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ ಆಟೋಜೆನಿಕ್ ಟ್ರೈನಿಂಗ್ ಇದೆಯಲ್ಲ, "ನನ್ನ ಬಲಗೈ ಭಾರವಾಗಿದೆ" ಅಂತ ಮನಸಲ್ಲೇ ಹೇಳ್ಕೊಳ್ಳೋದು, ಅದನ್ನ ಮಾಡಿಸ್ತಿದ್ದಾಗ ಪಿಸುಗುಟ್ಟಿದ್ರು, "ಸರ್, ಎಡಗೈ ಆಗತ್ತಾ, ಬಲಗೈಲಿ ಫೋನಿದೆ." ಕ್ಲಾಸ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ವರದಿ ಒಪ್ಪಿಸ್ತಾರೆ, ಯಾರು ಆಕಳಿಸಿದ್ರು, ಯಾರು ಕಾಲು ಕೆರ್ಕೊಂಡ್ರು, ಯಾರ ರೆಪ್ಪೆ ಅದುರ್ತಿತ್ತು, ಯಾರ ಉಸಿರು ಯಾವಾಗ ನಿಧಾನ ಆಯ್ತು. "ಸರಿ ಸರ್, ನಿಮಗೇನಾಯ್ತು?" ಅಂದ್ರೆ, "ನನಗಾ? ನನಗೆಲ್ಲಿ ಟೈಮಿತ್ತು ಸರ್!"

ನೊಣದ ಪ್ರಸಂಗನೂ ಅವರ ವರದಿಯಿಂದಲೇ ಗೊತ್ತಾಗಿದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ವೈಟ್ಸನ್‌ಹಾಫರ್ ಮತ್ತು ಹಿಲ್ಗಾರ್ಡ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1959ರಲ್ಲಿ ಒಂದು ಅಳತೆಗೋಲು ಮಾಡಿದ್ರು, ಯಾರಿಗೆ ಎಷ್ಟು ಹಿಪ್ನಾಸಿಸ್ ಆಗತ್ತೆ ಅಂತ ನೋಡೋಕೆ 12 ಪರೀಕ್ಷೆಗಳು, ಅದರಲ್ಲಿ ಒಂದು ಇಲ್ಲದೇ ಇರೋ ನೊಣ ಗುಂಯ್ ಅಂತಿದೆ ಅಂತ ಅನ್ನಿಸೋದು. ನಮ್ಮ ಬಜೆಟ್ಟಿಗೆ ನಿಜವಾದ ನೊಣನೇ ಬಂತು. "ಸರ್, ಆ ಮೇಡಂ ಮೂಗಿನ ಮೇಲೆ ನೊಣ ಕೂತ್ರೂ ಅಲ್ಲಾಡ್ಲಿಲ್ಲ, ಅವರಿಗೆ ಚೆನ್ನಾಗಿ ಆಗಿದೆ ನೋಡಿ" ಅಂದ್ರು ಹಿರಿಯರು. ಖುಷಿಯಿಂದ ಹೋಗಿ ಆ ಮೇಡಂನ ಕೇಳ್ದೆ. "ಇಲ್ಲ ಸರ್, ನನಗೇನೂ ಆಗ್ಲಿಲ್ಲ. ನೊಣ ಬಂದಿದ್ದೂ ಗೊತ್ತಾಯ್ತು, ಓಡಿಸ್ಬೇಕು ಅಂತ ಅನ್ನಿಸ್ಲಿಲ್ಲ ಅಷ್ಟೆ." ಅಯ್ಯೋ ಅದೇ ಕಣಮ್ಮಾ! ಆ "ಅಷ್ಟೆ"ಗೋಸ್ಕರ ತಾನೇ ನಾನು ಇಷ್ಟು ವರ್ಷದಿಂದ ಮೆಟ್ಟಿಲು ಎಣಿಸ್ತಿರೋದು!

ಕ್ಲಾಸಲ್ಲಿ ಹೀಗಾದ್ರೆ ಮನೇಲಿ ಇನ್ನೊಂಥರ. ನನಗೆ ತಲೆನೋವು ಬರೋ ಹಾಗಿಲ್ಲ, ನಿದ್ದೆ ಕೆಡೋ ಹಾಗಿಲ್ಲ, ಸಿಟ್ಟಂತೂ ಬರಲೇಬಾರದು. ಕರೆಂಟ್ ಹೋಗಿ, ಫ್ಯಾನ್ ನಿಂತು, ನಾನು ಒಂದ್ಸಲ "ಥತ್" ಅಂದ್ರೆ ಸಾಕು, ಒಳಗಿಂದ ಹೆಂಡ್ತಿ ದನಿ, "ಊರಿಗೆಲ್ಲಾ ಹೇಳ್ಕೊಡ್ತೀರಲ್ಲ, ಮಾಡ್ಕೊಳ್ಳಿ ಈಗ." ಈ ದನಿ ಅನ್ನೋದು ಬೇರೆ ನನ್ನ ಶತ್ರು ಆಗಿದೆ. ದಿನವಿಡೀ ನಿಧಾನವಾಗಿ ಮಾತಾಡಿ ಮಾತಾಡಿ ಮಾಮೂಲಿ ಮಾತೂ ಹಾಗೇ ಆಗೋಗಿದೆ, ಕಸ್ಟಮರ್ ಕೇರಿಗೆ ಫೋನ್ ಮಾಡಿ "ನಮ್ಮ ಇಂಟರ್ನೆಟ್... ಬರ್ತಾ... ಇಲ್ಲ..." ಅನ್ನೋಷ್ಟರಲ್ಲಿ ಆ ಕಡೆ ಹುಡುಗ ಹಲೋ ಹಲೋ ಅಂತ ಕಟ್ ಮಾಡಿರ್ತಾನೆ. ಮಗಳಂತೂ "ಅಪ್ಪಾ, ನಾರ್ಮಲ್ ವಾಯ್ಸಲ್ಲಿ ಮಾತಾಡು, ಇಲ್ಲಾಂದ್ರೆ ನಾನು ರೂಮಿಗೆ ಹೋಗ್ತೀನಿ" ಅಂತ ಮುಂಚೆನೇ ಎಚ್ಚರಿಕೆ ಕೊಡ್ತಾಳೆ. ಯಾವುದಾದ್ರೂ ಫಂಕ್ಷನ್ನಿಗೆ ಹೋದ್ರೆ ಅರ್ಧ ಜನ ನನ್ನ ಕಣ್ಣು ನೋಡಲ್ಲ, ಹುಬ್ಬು ನೋಡ್ಕೊಂಡು ಮಾತಾಡ್ತಾರೆ. ಉಳಿದರ್ಧ ಜನಕ್ಕೆ ಬಾಸನ್ನ ಹಿಪ್ನಟೈಸ್ ಮಾಡಿ ಪ್ರಮೋಷನ್ ಕೊಡಿಸ್ಬೇಕು. ಸೆಲ್ಫ್ ಅಂದ್ರೆ ತನಗೆ ತಾನೇ ಮಾಡ್ಕೊಳ್ಳೋದು ಸ್ವಾಮಿ, ನಿಮ್ಮ ಬಾಸ್ ಬಂದು ಅವರೇ ಕಲೀಬೇಕು ಅಂದ್ರೆ, "ಅವರು ಬರಲ್ಲ ಸರ್, ತುಂಬಾ ಬಿಜಿ."

ನಾನು ಈ ಕಡೆ ಬಂದಿದ್ದು ನಿದ್ದೆ ಬರದೇ ಒದ್ದಾಡ್ತಿದ್ದ ಕಾಲದಲ್ಲಿ. ನನಗೆ ಕಲಿಸಿದ ಮೇಷ್ಟ್ರು ತೆಳ್ಳಗಿನ ಮನುಷ್ಯ, ಅವರಿಗೆ ಸದಾ ಗಂಟಲು ಕೆರೆತ. ಎಣಿಸೋವಾಗ ಏಳಕ್ಕೂ ಆರಕ್ಕೂ ಮಧ್ಯೆ ಯಾವಾಗ್ಲೂ ಒಂದು ಸಣ್ಣ ಕೆಮ್ಮು. "ಏಳು... ಹ್ಞಂ... ಆರು." ನಾವೆಲ್ಲಾ ಅದೂ ವಿಧಾನದ ಭಾಗ ಅಂತಲೇ ತಿಳ್ಕೊಂಡು ಕಲ್ತಿದ್ವಿ. ಅವರು ಹೋಗಿ ಎಷ್ಟೋ ಕಾಲ ಆಯ್ತು. ಈಗಲೂ ರಾತ್ರಿ ನಾನು ನನಗೇ ಅಂತ ಕಣ್ಣು ಮುಚ್ಚಿ ಇಳಿಯೋಕೆ ಶುರು ಮಾಡಿದ್ರೆ ಒಳಗೆ ಎಣಿಸೋದು ನನ್ನ ದನಿ ಅಲ್ಲ, ಅವರದು, ಏಳಾದ ಮೇಲೆ ಆ ಕೆಮ್ಮು ಬಾರದೆ ಆರು ಬರೋದೇ ಇಲ್ಲ. ಕ್ಲಾಸಲ್ಲೂ ನಂಗೊತ್ತಿಲ್ಲದೇ ಅಲ್ಲೇ ಕೆಮ್ತೀನಂತೆ. ಮೊನ್ನೆ ಒಬ್ಬ ಹುಡುಗ ಅವನು ಮನೇಲಿ ಪ್ರಾಕ್ಟೀಸ್ ಮಾಡಿದ ರೆಕಾರ್ಡಿಂಗ್ ಕಳಿಸಿದ್ದ. ಏಳು, ಹ್ಞಂ, ಆರು. ಅವನಿಗೆ ಗಂಟಲಲ್ಲಿ ಏನೂ ತೊಂದರೆ ಇಲ್ಲ. ಮೇಷ್ಟ್ರನ್ನ ನೋಡೇ ಇಲ್ಲ ಆ ಹುಡುಗ. ತಿದ್ದೋಣ ಅಂತ ಟೈಪ್ ಮಾಡಿ, ಅಳಿಸಿ, "ಗುಡ್" ಅಂತ ಕಳಿಸ್ದೆ.

ಫೀಸಿನ ವಿಷಯಕ್ಕೆ ಬಂದ್ರೆ ಎಮೀಲ್ ಕುಯೆ ಅನ್ನೋ ಫ್ರೆಂಚ್ ಔಷಧಿ ವ್ಯಾಪಾರಿ ನೆನಪಾಗ್ತಾರೆ. "ದಿನದಿನಕ್ಕೂ ನಾನು ಎಲ್ಲ ರೀತಿಯಲ್ಲೂ ಉತ್ತಮ ಆಗ್ತಿದೀನಿ" ಅಂತ ಬೆಳಗ್ಗೆ 20 ಸಲ, ರಾತ್ರಿ 20 ಸಲ ಹೇಳ್ಕೊಳ್ಳಿ ಅಂದವರು ಇವರೇ. ಎಣಿಸೋ ತಾಪತ್ರಯ ಬೇಡ ಅಂತ 20 ಗಂಟಿನ ದಾರ ಇಟ್ಕೊಳ್ಳೋಕೆ ಹೇಳ್ತಿದ್ರು. (ನಮ್ಮ ಕ್ಲಾಸಲ್ಲಿ ದಾರ ತನ್ನಿ ಅಂದ್ರೆ ಒಬ್ಬ ಜೇಬಿಂದ ಇಯರ್‌ಫೋನ್ ತೆಗೆದು ತೋರಿಸ್ದ, ಗಂಟು 20ಕ್ಕಿಂತ ಜಾಸ್ತಿನೇ ಇತ್ತು.) ಕುಯೆ ನಾನ್ಸಿ ಊರಲ್ಲಿ ಜನರನ್ನ ಕೂರಿಸ್ಕೊಂಡು ಬಿಟ್ಟಿಯಾಗಿ ಹೇಳ್ಕೊಡ್ತಿದ್ರಂತೆ, ವಾಸಿ ಮಾಡೋನು ನಾನಲ್ಲ, ನೀವೇ ಮಾಡ್ಕೊಳ್ಳೋದು ಅಂತ ಬೇರೆ ಹೇಳ್ತಿದ್ರಂತೆ. ಎಂಥಾ ದೊಡ್ಡ ಮನಸ್ಸು ಅನ್ಕೊಂಡಿದ್ದೆ. ಇವತ್ತು ಬೆಳಗ್ಗೆ ಅರ್ಥ ಆಯ್ತು, ಫೀಸೇ ಇಲ್ಲ ಅಂದ್ರೆ ರಿಫಂಡೂ ಇಲ್ಲ. ಆ ಮೆಸೇಜಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ನೀಲಿ ಟಿಕ್ ಬಿದ್ದಿದೆ, ಅದು ಬೇರೆ ಟೆನ್ಷನ್ನು.

ಈ ಟೆನ್ಷನ್ನಲ್ಲಿ ಇದ್ದಾಗಲೇ ಮಧ್ಯಾಹ್ನ ನಮ್ಮ ಬಲಗಣ್ಣಿನ ಹಿರಿಯರ ಫೋನು. "ಸರ್, ಟೀಚರ್ ಟ್ರೈನಿಂಗ್ ಅಂತ ಏನಾದ್ರೂ ಇದ್ಯಾ? ನಾನೂ ಹೇಳ್ಕೊಡೋಣ ಅಂತ."

ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಕಷ್ಟ ಆಗತ್ತೆ ಸರ್ ಅಂತ ರಾಗ ಎಳೆದೆ. ಅವರು ಬಿಡ್ಲಿಲ್ಲ. "ನೀವೇ ಹೇಳಿದ್ರಲ್ಲ ಸರ್ ಆ ಬ್ರೇಡ್ ಕಥೆ."

ಹೇಳಿದ್ದೆ, ಹೌದು. 1844ರಲ್ಲಿ ಬ್ರೇಡಿಗೆ ವಿಪರೀತ ಕೀಲುವಾತದ ನೋವು, ಮಲಗೋಕಾಗಲ್ಲ ಅಲುಗಾಡೋಕಾಗಲ್ಲ, ಇಷ್ಟು ಜನಕ್ಕೆ ಮಾಡಿದೀನಲ್ಲ ನನಗೇ ಮಾಡ್ಕೊಂಡ್ರೆ ಹೆಂಗೆ ಅಂತ ಕೂತು ಮಾಡ್ಕೊಂಡ್ರು, ಒಂಬತ್ತು ನಿಮಿಷ ಆದ ಮೇಲೆ ಎಬ್ಬಿಸಿದಾಗ ನೋವಿರಲಿಲ್ಲವಂತೆ. ಎಬ್ಬಿಸೋಕೆ ಅಂತಲೇ ಇಬ್ಬರು ಸ್ನೇಹಿತರನ್ನ ಪಕ್ಕದಲ್ಲಿ ಕೂರಿಸ್ಕೊಂಡಿದ್ರು.

"ಅಷ್ಟು ದೊಡ್ಡ ಡಾಕ್ಟ್ರಿಗೇ ಕಣ್ಣು ಬಿಟ್ಕೊಂಡು ಕೂರೋಕೆ ಇಬ್ಬರು ಬೇಕಿತ್ತು ಸರ್. ನಾನು ಇಷ್ಟು ದಿನದಿಂದ ಆ ಕೆಲಸನೇ ತಾನೇ ಮಾಡ್ತಿರೋದು? ಎಲ್ಲರೂ ಮುಚ್ಚಿದಾಗ ಒಬ್ಬರು ತೆರೆದಿರ್ಬೇಕು."

"ಅದು ಸರಿ ಸರ್, ಆದ್ರೆ ಹೇಳ್ಕೊಡ್ಬೇಕು ಅಂದ್ರೆ ಮೊದಲು ನಿಮಗೆ ಕಣ್ಣು ಮುಚ್ಚೋಕೆ ಬರ್ಬೇಕಲ್ವಾ" ಅಂದೆ, ಸಾಧ್ಯವಾದಷ್ಟು ನಾರ್ಮಲ್ ವಾಯ್ಸಲ್ಲಿ.

"ನೀವು ಕ್ಲಾಸಲ್ಲಿ ಯಾವತ್ತಾದ್ರೂ ಮುಚ್ಚಿದೀರಾ?" ಅಂದ್ರು. "ನಾನಂತೂ ನೋಡಿಲ್ಲ."

ಸೋಮವಾರದಿಂದ ಟ್ರೈನಿಂಗಿಗೆ ಬರ್ತಿದಾರೆ.